ನಡುಗುವ ನೆಲದ ನಕ್ಷೆ ಬರೆದ ರಾಬರ್ಟ್ ಮ್ಯಾಲೆಟ್

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲೆ ಪ್ರಪಂಚದ ಭೂಪಟ ತೂಗುಹಾಕಿದ್ದಾರೆ ಅಲ್ಲವೇ? ಅದರಲ್ಲಿ ಒಂದೊಂದು ದೇಶಕ್ಕೆ ಒಂದೊಂದು ಬಣ್ಣ. ಸಮುದ್ರಕ್ಕೆ ನೀಲಿ. ಈಗ ಇನ್ನೊಂದು ಬಗೆಯ ಭೂಪಟವನ್ನು ಊಹಿಸಿಕೊಳ್ಳಿ. ಅದರಲ್ಲಿ ಭೂಕಂಪವಾದ ಜಾಗಗಳಿಗೆ ಮಾತ್ರ ಬಣ್ಣ. ನೆಲ ಹೆಚ್ಚು ನಡುಗಿದ ಕಡೆ ಗಾಢ ಬಣ್ಣ, ಕಡಿಮೆ ನಡುಗಿದ ಕಡೆ ತಿಳಿ ಬಣ್ಣ. ಭೂಕಂಪದ ಸುದ್ದಿಯೇ ಇಲ್ಲದ ಕಡೆ ಬರಿ ಬಿಳಿ.

ಇಂತಹ ಭೂಪಟಗಳನ್ನು ಇಂದು ಕಂಪ್ಯೂಟರಿನಲ್ಲಿ ತಯಾರಿಸುತ್ತಾರೆ. ಭೂಕಂಪ ಮಾತ್ರವಲ್ಲ, ಪ್ರವಾಹ, ಚಂಡಮಾರುತ, ಭೂಕುಸಿತ, ಜ್ವಾಲಾಮುಖಿ ಹೀಗೆ ಎಲ್ಲ ಪ್ರಕೃತಿ ವಿಕೋಪಗಳಿಗೂ ನಕ್ಷೆಗಳಿವೆ. ಆದರೆ ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಭೂಕಂಪವನ್ನು ದೂರದಿಂದ ಅಳೆಯುವ ಉಪಕರಣಗಳೂ ಇಲ್ಲದ ಕಾಲದಲ್ಲಿ ಒಬ್ಬರು ಹಳೆಯ ಪುಸ್ತಕಗಳನ್ನು ಓದಿ ಓದಿ ಇಡೀ ಪ್ರಪಂಚದ ಭೂಕಂಪ ನಕ್ಷೆ ಬರೆದರು. ಅವರು ಭೂಗೋಳ ಕಲಿಸುವ ಮೇಷ್ಟರಲ್ಲ. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯ ಎಂಜಿನಿಯರ್. ಅವರ ಹೆಸರು ರಾಬರ್ಟ್ ಮ್ಯಾಲೆಟ್. ಅವರ ಬದುಕಿನ ಕಥೆಯನ್ನು ತಿಳಿಯೋಣ ಬನ್ನಿ.

ಕಬ್ಬಿಣದ ನಡುವೆ ಬೆಳೆದ ಹುಡುಗ

ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ 1810ರ ಜೂನ್ 3ರಂದು ರಾಬರ್ಟ್ ಹುಟ್ಟಿದ. ತಂದೆ ಜಾನ್ ಮ್ಯಾಲೆಟ್ ಆ ನಗರದಲ್ಲಿ ಒಂದು ಎರಕದ ಕಾರ್ಖಾನೆ ನಡೆಸುತ್ತಿದ್ದರು. ಕೆಂಪಗೆ ಕಾದು ನೀರಿನಂತೆ ಹರಿಯುವ ಲೋಹವನ್ನು ಅಚ್ಚಿಗೆ ಸುರಿದು ಬೇಕಾದ ಆಕಾರ ಪಡೆಯುವುದನ್ನು ಹುಡುಗ ಚಿಕ್ಕಂದಿನಿಂದಲೇ ನೋಡುತ್ತ ಬೆಳೆದ.

ರಾಬರ್ಟ್ 16ನೆಯ ವಯಸ್ಸಿಗೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜು ಸೇರಿ, 1830ರಲ್ಲಿ ಪದವಿ ಪಡೆದ. ಮರುವರ್ಷ ತಂದೆಯ ಜೊತೆ ಕಾರ್ಖಾನೆಯ ಕೆಲಸಕ್ಕೆ ನಿಂತ. ಅದೇ ವರ್ಷ ಕಾರ್ಡೀಲಿಯಾ ವಾಟ್ಸನ್ ಎಂಬಾಕೆಯೊಡನೆ ಮದುವೆಯೂ ಆಯಿತು.

ತರುಣ ಮ್ಯಾಲೆಟ್ ಬಂದ ಮೇಲೆ ಕಾರ್ಖಾನೆಯ ಹೆಸರು ಐರ್ಲೆಂಡಿನಲ್ಲೆಲ್ಲ ಹರಡಿತು. ರೈಲ್ವೆ ನಿಲ್ದಾಣಗಳು, ಸೇತುವೆಗಳು, ಫಾಸ್ಟ್‌ನೆಟ್ ಎಂಬ ಬಂಡೆಯ ಮೇಲಿನ ದೀಪಸ್ತಂಭ, ಹೀಗೆ ಹಲವು ಕೆಲಸಗಳಿಗೆ ಅಲ್ಲಿಂದ ಕಬ್ಬಿಣ ಹೋಯಿತು. ಡಬ್ಲಿನ್ನಿನ ಒಂದು ಚರ್ಚಿನ 133 ಟನ್ ತೂಕದ ಛಾವಣಿ ಕೆಳಗೆ ಕುಸಿಯತೊಡಗಿತ್ತು. ಅದನ್ನು ಮೇಲೆತ್ತಿ ನಿಲ್ಲಿಸಿದವರೂ ಮ್ಯಾಲೆಟ್ ಅವರೇ. ಯಾವ ಗೋಡೆ ಎಷ್ಟು ಭಾರ ತಾಳುತ್ತದೆ, ಯಾವ ಕಲ್ಲು ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ಅವರು ದಿನವೂ ಯೋಚಿಸಬೇಕಿತ್ತು. ಮುಂದೆ ಈ ಅನುಭವವೇ ಅವರ ಕೈ ಹಿಡಿಯಿತು.

ತಿರುಚಿಕೊಂಡ ಕಂಬ

ಒಂದು ದಿನ ಮ್ಯಾಲೆಟ್ ಭೂವಿಜ್ಞಾನದ ಪುಸ್ತಕವೊಂದನ್ನು ಓದುತ್ತಿದ್ದರು. ಅದನ್ನು ಬರೆದವರು ಚಾರ್ಲ್ಸ್ ಲಯಲ್ ಎಂಬ ಹೆಸರಾಂತ ವಿಜ್ಞಾನಿ. ಅದರಲ್ಲೊಂದು ಚಿತ್ರವಿತ್ತು. ಇಟಲಿಯ ಕಲಾಬ್ರಿಯಾ ಪ್ರದೇಶದ ಒಂದು ಮಠದ ಮುಂದಿನ ಎರಡು ಕಲ್ಲಿನ ಕಂಬಗಳ ಚಿತ್ರ. 1783ರಲ್ಲಿ ಅಲ್ಲಿ ದೊಡ್ಡ ಭೂಕಂಪವಾಗಿತ್ತು. ಕಂಬಗಳು ಬಿದ್ದಿರಲಿಲ್ಲ. ಬುಡ ಇದ್ದಲ್ಲೇ ಇತ್ತು. ಆದರೆ ಮೇಲಿನ ಕಲ್ಲುಗಳು ಮಾತ್ರ ಬೀಸುವ ಕಲ್ಲು ತಿರುಗಿದಂತೆ ಒಂದಿಷ್ಟು ತಿರುಗಿ ನಿಂತಿದ್ದವು.

ಇದು ಹೇಗಾಯಿತು? ಭೂಕಂಪದಲ್ಲಿ ನೆಲ ಸುಳಿಯಂತೆ ಸುತ್ತುತ್ತದೆ, ಅದಕ್ಕೇ ಕಲ್ಲುಗಳೂ ಸುತ್ತಿದವು ಎಂದು ಆಗ ಹಲವರು ನಂಬಿದ್ದರು. ಎಂಜಿನಿಯರ್ ಮ್ಯಾಲೆಟ್ ಅವರಿಗೆ ಇದು ಸರಿ ಕಾಣಲಿಲ್ಲ. ಒಂದು ಕಂಬದ ಅಡಿಯಲ್ಲಿ ಒಂದು ಸುಳಿ, ಪಕ್ಕದ ಕಂಬದ ಅಡಿಯಲ್ಲಿ ಇನ್ನೊಂದು ಸುಳಿ ಇರಲು ಸಾಧ್ಯವೇ?

ನೀವೇ ಒಂದು ಪ್ರಯೋಗ ಮಾಡಿ. ಮೇಜಿನ ಮೇಲೆ ಒಂದು ಪುಸ್ತಕ ಇಡಿ. ಅದರ ಒಂದು ಮೂಲೆಯನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಇನ್ನೊಂದು ಕೈಯಿಂದ ಪುಸ್ತಕದ ನಡುವಿಗೆ ನೇರವಾಗಿ ತಳ್ಳಿ. ನೀವು ನೇರವಾಗಿ ತಳ್ಳಿದರೂ ಪುಸ್ತಕ ತಿರುಗುತ್ತದೆ! ಕಂಬದಲ್ಲೂ ಹೀಗೆಯೇ. ಮೇಲಿನ ಕಲ್ಲು ಕೆಳಗಿನ ಕಲ್ಲನ್ನು ಎಲ್ಲ ಕಡೆಯೂ ಒಂದೇ ಸಮನಾಗಿ ಹಿಡಿದಿರುವುದಿಲ್ಲ. ಒಂದು ಕಡೆ ಹಿಡಿತ ಹೆಚ್ಚಿದ್ದರೆ ನೇರವಾದ ಒಂದೇ ತಳ್ಳಿಗೆ ಕಲ್ಲು ತಿರುಗುತ್ತದೆ. ಸುಳಿಯೇನೂ ಬೇಕಿಲ್ಲ.

ಹಾಗಾದರೆ ನೆಲವನ್ನು ತಳ್ಳಿದ್ದು ಯಾವುದು? ಈ ಪ್ರಶ್ನೆ ಮ್ಯಾಲೆಟ್ ಅವರನ್ನು ಬಿಡಲಿಲ್ಲ. 1846ರ ಫೆಬ್ರವರಿಯಲ್ಲಿ ಅವರು ಐರ್ಲೆಂಡಿನ ವಿದ್ವಾಂಸರ ಸಭೆಯ ಮುಂದೆ ತಮ್ಮ ಪ್ರಬಂಧವನ್ನು ಮಂಡಿಸಿದರು. ಭೂಮಿಯ ಒಳಗೆ ಎಲ್ಲೋ ಒಂದು ಕಡೆ ಹಠಾತ್ತನೆ ಪೆಟ್ಟು ಬೀಳುತ್ತದೆ. ಆ ಪೆಟ್ಟು ಅಲೆಯಾಗಿ ಬಂಡೆಗಳ ಮೂಲಕ ಎಲ್ಲ ದಿಕ್ಕಿಗೂ ಹರಡುತ್ತದೆ. ಆ ಅಲೆ ನಮ್ಮ ಕಾಲ ಕೆಳಗೆ ಹಾದುಹೋದಾಗ ನೆಲ ನಡುಗುತ್ತದೆ. ಇದು ಆ ಪ್ರಬಂಧದ ಸಾರ. ಭೂಕಂಪದ ಅಧ್ಯಯನಕ್ಕೆ ಇಂಗ್ಲಿಷಿನಲ್ಲಿ ಸೈಸ್ಮಾಲಜಿ ಎಂಬ ಹೆಸರಿದೆ. ಆ ಹೆಸರನ್ನು ಬಳಕೆಗೆ ತಂದವರೂ ಮ್ಯಾಲೆಟ್ ಅವರೇ.

ಮರಳಿನಲ್ಲಿ ಹೂತ ಸಿಡಿಮದ್ದು

ಅಲೆ ಎಂದ ಮೇಲೆ ಅದಕ್ಕೊಂದು ವೇಗ ಇರಬೇಕಲ್ಲ? ಅದನ್ನು ಅಳೆಯುವುದು ಹೇಗೆ? ಭೂಕಂಪ ಯಾವಾಗ ಬರುತ್ತದೆಂದು ಕಾಯುತ್ತ ಕೂರಲಾಗದು. ಅದಕ್ಕೆ ಮ್ಯಾಲೆಟ್ ತಾವೇ ಒಂದು ಪುಟ್ಟ ಭೂಕಂಪ ಮಾಡಿದರು!

1849ರಲ್ಲಿ ಡಬ್ಲಿನ್ ಬಳಿಯ ಕಿಲೈನಿ ಎಂಬ ಕಡಲ ತೀರದಲ್ಲಿ ಸಿಡಿಮದ್ದಿನ ಪೀಪಾಯಿಯನ್ನು ಮರಳಿನಲ್ಲಿ ಹೂಳಿಸಿದರು. ಅದರಲ್ಲಿ ಸುಮಾರು 11 ಕಿಲೋಗ್ರಾಂ ಮದ್ದಿತ್ತು. ಅಲ್ಲಿಂದ ಸುಮಾರು 800 ಮೀಟರ್ ದೂರದಲ್ಲಿ ಒಂದು ಬಟ್ಟಲಿನಲ್ಲಿ ಪಾದರಸ ತುಂಬಿ ಇಟ್ಟರು. ಪಾದರಸ ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಒಂದಕ್ಕೊಂದು ಅಡ್ಡಲಾಗಿ ಕಟ್ಟಿದ ಎರಡು ಸಣ್ಣ ಎಳೆಗಳ ಪ್ರತಿಬಿಂಬ ಬೀಳುವಂತೆ ಏರ್ಪಾಡು ಮಾಡಿ, ಅದನ್ನು ಮಸೂರದ ಮೂಲಕ ನೋಡುತ್ತ ಕುಳಿತರು. ಮದ್ದು ಸಿಡಿಯಿತು. ಅಲೆ ಮರಳಿನಲ್ಲಿ ಸಾಗಿ ಬಂದು ಬಟ್ಟಲನ್ನು ಮುಟ್ಟಿದೊಡನೆ ಪ್ರತಿಬಿಂಬ ಕದಲಿತು. ಮದ್ದು ಸಿಡಿದ ಕ್ಷಣಕ್ಕೂ ಪ್ರತಿಬಿಂಬ ಕದಲಿದ ಕ್ಷಣಕ್ಕೂ ನಡುವಿನ ಸಮಯವನ್ನು ಅಳೆದರು. ದೂರವನ್ನು ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ. ಈ ಲೆಕ್ಕ ನಿಮಗೂ ಗೊತ್ತು.

ಮರಳಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 250 ಮೀಟರ್ ಎಂದು ಬಂತು. ಹತ್ತಿರದ ಗ್ರಾನೈಟ್ ಬಂಡೆಯಲ್ಲಿ ಸುಮಾರು 500 ಮೀಟರ್. ಮ್ಯಾಲೆಟ್ ಇದಕ್ಕಿಂತ ಬಹಳ ಹೆಚ್ಚಿನ ವೇಗವನ್ನು ನಿರೀಕ್ಷಿಸಿದ್ದರು. ಅವರ ನಿರೀಕ್ಷೆಯೇ ಸರಿ. ಗಟ್ಟಿ ಗ್ರಾನೈಟಿನಲ್ಲಿ ಭೂಕಂಪದ ಮೊದಲ ಅಲೆ ಸೆಕೆಂಡಿಗೆ 5 ಕಿಲೋಮೀಟರಿಗೂ ಹೆಚ್ಚು ದೂರ ಓಡುತ್ತದೆ ಎಂದು ಈಗ ನಮಗೆ ತಿಳಿದಿದೆ. ಬಂಡೆಯೊಳಗಿನ ಬಿರುಕುಗಳು ಅಲೆಯನ್ನು ನಿಧಾನ ಮಾಡಿದ್ದವು. ಅಲ್ಲದೆ ತುಂಬ ಸಣ್ಣ ಅಲುಗಾಟವನ್ನು ಪಾದರಸದ ಬಟ್ಟಲು ತೋರಿಸುತ್ತಿರಲಿಲ್ಲ. ಆದರೂ ನೆಲದ ಅಲೆಯ ವೇಗವನ್ನು ಪ್ರಯೋಗ ಮಾಡಿ ಅಳೆಯಬಹುದು ಎಂದು ಅವರು ತೋರಿಸಿಕೊಟ್ಟರು. ಭೂಮಿಯ ಒಳಗಿನ ತೈಲವನ್ನು ಹುಡುಕುವವರು ಇಂದಿಗೂ ನೆಲಕ್ಕೆ ಪೆಟ್ಟು ಕೊಟ್ಟು ಅಲೆಗಳನ್ನು ಆಲಿಸುತ್ತಾರೆ.

6,831 ಭೂಕಂಪಗಳ ಪಟ್ಟಿ

ಭೂಕಂಪ ಹೇಗೆ ಹರಡುತ್ತದೆ ಎಂಬುದು ಒಂದು ಪ್ರಶ್ನೆ. ಎಲ್ಲೆಲ್ಲಿ ಆಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಪ್ರಯೋಗ ಮಾಡಲಾಗದು. ಹಿಂದೆ ಎಲ್ಲೆಲ್ಲಿ ಆಗಿತ್ತು ಎಂದು ಹುಡುಕಬೇಕು.

ಮ್ಯಾಲೆಟ್ ಹಳೆಯ ಚರಿತ್ರೆಗಳು, ಪ್ರವಾಸ ಕಥನಗಳು, ಪತ್ರಿಕೆಗಳು, ವಿದ್ವಾಂಸರ ಬರಹಗಳು ಎಲ್ಲವನ್ನೂ ತಿರುವಿ ಹಾಕಿದರು. ಹಿರಿಯ ಮಗ ಜಾನ್ ವಿಲಿಯಂ ಈ ಕೆಲಸದಲ್ಲಿ ತಂದೆಗೆ ಜೊತೆಯಾದ. ಹಗಲು ಕಾರ್ಖಾನೆಯ ದುಡಿಮೆ, ಬಿಡುವಿನಲ್ಲಿ ಭೂಕಂಪದ ಹುಡುಕಾಟ. ಸಿಕ್ಕಿದ ಪ್ರತಿಯೊಂದು ಭೂಕಂಪಕ್ಕೂ ಆದ ದಿನ, ಆದ ಜಾಗ, ಆದ ಹಾನಿ ಎಲ್ಲವನ್ನೂ ಸಾಲು ಸಾಲಾಗಿ ಬರೆದರು.

ಪಟ್ಟಿ ಕ್ರಿ.ಪೂ. 1606ರಿಂದ ಕ್ರಿ.ಶ. 19ನೆಯ ಶತಮಾನದವರೆಗೆ ಬೆಳೆಯಿತು. ಒಟ್ಟು 6,831 ಭೂಕಂಪಗಳು! 1852ರಿಂದ 1854ರವರೆಗೆ ಇದು ಕಂತು ಕಂತಾಗಿ ಅಚ್ಚಾಯಿತು. ಪಟ್ಟಿ ಮುಗಿದ 1854ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿತು. ವಿಜ್ಞಾನಿಗಳಿಗೆ ಅದು ದೊಡ್ಡ ಗೌರವ. ಆದರೆ ಅದೇ ವರ್ಷ ಹೆಂಡತಿ ಕಾರ್ಡೀಲಿಯಾ ತೀರಿಕೊಂಡರು. ಆರು ಮಕ್ಕಳ ಮನೆಯಲ್ಲಿ ತಾಯಿ ಇಲ್ಲವಾದರು.

ಬಣ್ಣ ಹೇಳಿದ ಕಥೆ

ಪಟ್ಟಿ ಎಷ್ಟೇ ಉದ್ದವಾಗಿದ್ದರೂ ಅದನ್ನು ಓದಿ ಪ್ರಪಂಚದ ಚಿತ್ರ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೆ ಮ್ಯಾಲೆಟ್ ಪಟ್ಟಿಯನ್ನು ಭೂಪಟಕ್ಕೆ ಇಳಿಸಿದರು. ಭೂಕಂಪಗಳನ್ನು ದೊಡ್ಡವು, ಮಧ್ಯಮ, ಚಿಕ್ಕವು ಎಂದು ಮೂರು ಗುಂಪು ಮಾಡಿದರು. ನಡುಗಿದ ಪ್ರದೇಶಗಳಿಗೆ ಬಣ್ಣ ಹಚ್ಚಿದರು. ಈ ಭೂಪಟ 1858ರಲ್ಲಿ ಪ್ರಕಟವಾಯಿತು. ಇಡೀ ಪ್ರಪಂಚದ ಭೂಕಂಪಗಳನ್ನು ತೋರಿಸಿದ ಮೊದಮೊದಲ ಭೂಪಟಗಳಲ್ಲಿ ಇದೂ ಒಂದು.

ಬಣ್ಣ ಹಚ್ಚಿ ಮುಗಿದಾಗ ಒಂದು ಅಚ್ಚರಿ ಎದ್ದು ಕಂಡಿತು. ಭೂಕಂಪಗಳು ಎರಚಿದ ಕಾಳಿನಂತೆ ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಅವು ಪಟ್ಟೆ ಪಟ್ಟೆಯಾಗಿ ಹಬ್ಬಿದ್ದವು. ದೊಡ್ಡ ಪರ್ವತ ಸಾಲುಗಳ ಜೊತೆ, ಜ್ವಾಲಾಮುಖಿಗಳ ಸಾಲಿನ ಜೊತೆ, ಸಾಗರಗಳ ಅಂಚಿನ ಜೊತೆ ಈ ಪಟ್ಟೆಗಳು ಸಾಗಿದ್ದವು. ಏಕೆ ಹೀಗೆ? ಉತ್ತರ ಸಿಗಲು ಇನ್ನೂ ನೂರು ವರ್ಷ ಬೇಕಾಯಿತು.

ಇನ್ನೊಂದು ಸಂಗತಿಯೂ ಇತ್ತು. ಪಟ್ಟಿಯನ್ನು ನೋಡಿದರೆ ಹಳೆಯ ಶತಮಾನಗಳಲ್ಲಿ ಭೂಕಂಪಗಳು ಬಹಳ ಕಡಿಮೆ, ಇತ್ತೀಚಿನ ಶತಮಾನಗಳಲ್ಲಿ ಬಹಳ ಹೆಚ್ಚು. ಹಾಗಾದರೆ ಭೂಮಿ ದಿನೇ ದಿನೇ ಹೆಚ್ಚು ನಡುಗುತ್ತಿದೆಯೇ? ಇಲ್ಲ ಎಂದು ಮ್ಯಾಲೆಟ್ ಅರಿತರು. ಹೆಚ್ಚಿದ್ದು ಭೂಕಂಪವಲ್ಲ, ಬರೆದಿಡುವವರ ಸಂಖ್ಯೆ. ಅಚ್ಚಿನ ಯಂತ್ರ ಬಂದ ಮೇಲೆ, ಜನ ದೂರ ದೂರ ಪ್ರಯಾಣ ಮಾಡತೊಡಗಿದ ಮೇಲೆ, ಹೆಚ್ಚು ಭೂಕಂಪಗಳ ಸುದ್ದಿ ಪುಸ್ತಕ ಸೇರಿತು.

ಈಗ ನೀವು ಯೋಚಿಸಿ. ಸಾಗರದ ನಡುವೆ ಭೂಕಂಪವಾದರೆ ಆ ಕಾಲದಲ್ಲಿ ಯಾರು ಬರೆದಿಡುತ್ತಿದ್ದರು? ಓದು ಬರಹ ಇಲ್ಲದ ಊರಿನಲ್ಲಿ ಆದರೆ? ಹಾಗಾಗಿ ಇಂತಹ ಭೂಪಟದ ಬಿಳಿ ಜಾಗವನ್ನು ನೋಡಿ ಅಲ್ಲಿ ಭೂಕಂಪವೇ ಇಲ್ಲ ಎನ್ನುವಂತಿಲ್ಲ. ಅಲ್ಲಿಂದ ಸುದ್ದಿ ಬಂದಿಲ್ಲ ಎಂದಷ್ಟೇ ಹೇಳಬಹುದು. ಈ ಮಾತನ್ನು ನೆನಪಿಡಿ. ಕಥೆಯ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಬಿದ್ದ ಗೋಡೆಗಳನ್ನು ಓದಿದವರು

ಭೂಪಟದ ಕೆಲಸ ಇನ್ನೂ ನಡೆದಿದ್ದಾಗಲೇ ಇಟಲಿಯಿಂದ ಘೋರ ಸುದ್ದಿ ಬಂತು. 1857ರ ಡಿಸೆಂಬರ್ 16ರ ರಾತ್ರಿ ನೇಪಲ್ಸ್ ರಾಜ್ಯದ ಬೆಟ್ಟದ ಊರುಗಳು ಭೂಕಂಪಕ್ಕೆ ಸಿಕ್ಕಿ ನೆಲಸಮವಾಗಿದ್ದವು. ಜನ ಮನೆಯೊಳಗಿದ್ದ ಹೊತ್ತು ಅದು. ಸುಮಾರು 10 ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರು.

ತಾನು ಅಲ್ಲಿಗೆ ಹೋಗಿ ನೋಡಬೇಕು ಎಂದು ಮ್ಯಾಲೆಟ್ ರಾಯಲ್ ಸೊಸೈಟಿಯನ್ನು ಕೇಳಿಕೊಂಡರು. ಸೊಸೈಟಿ 150 ಪೌಂಡ್ ಹಣ ಕೊಟ್ಟಿತು. 1858ರ ಫೆಬ್ರವರಿಯಲ್ಲಿ ಅವರು ನೇಪಲ್ಸ್ ತಲುಪಿದರು. ಚಳಿಗಾಲ. ಬೆಟ್ಟಗಳ ಮೇಲೆ ಹಿಮ. ರಸ್ತೆಗಳು ಹಾಳಾಗಿದ್ದವು. ಪೊಲ್ಲಾ, ಪಡುಲಾ, ಮೊಂಟೆಮುರ‍್ರೊ ಹೀಗೆ ಊರಿಂದ ಊರಿಗೆ ಸಾಗಿದರು. ಎಲ್ಲೆಲ್ಲೂ ಕಲ್ಲಿನ ರಾಶಿ, ಮನೆ ಕಳೆದುಕೊಂಡ ಜನ.

ಬೇರೆಯವರು ಕಲ್ಲಿನ ರಾಶಿ ಕಂಡ ಕಡೆ ಮ್ಯಾಲೆಟ್ ಗುರುತುಗಳನ್ನು ಕಂಡರು. ಗೋಡೆ ಬಿರುಕು ಬಿಟ್ಟಿದ್ದರೆ ಬಿರುಕು ಯಾವ ಕಡೆಗೆ ವಾಲಿದೆ ಎಂದು ಅಳೆದರು. ಕಂಬ ಬಿದ್ದಿದ್ದರೆ ಯಾವ ದಿಕ್ಕಿಗೆ ಬಿದ್ದಿದೆ ಎಂದು ನೋಡಿದರು. ಛಾವಣಿಯ ಮೇಲಿನ ಕಲ್ಲು ಎಗರಿದ್ದರೆ ಎಷ್ಟು ದೂರಕ್ಕೆ ಎಗರಿದೆ ಎಂದು ಗುರುತು ಮಾಡಿಕೊಂಡರು. ಇವೆಲ್ಲ ಅಲೆ ಯಾವ ಕಡೆಯಿಂದ ಬಂತು ಎಂಬುದನ್ನು ಹೇಳುವ ಸಾಕ್ಷಿಗಳು. ಕ್ಯಾಮೆರಾ ಹೊಸದಾಗಿ ಬಂದಿದ್ದ ಕಾಲ ಅದು. ಬಿದ್ದ ಊರುಗಳ ಛಾಯಾಚಿತ್ರಗಳನ್ನೂ ಅವರು ತೆಗೆಸಿದರು.

ಆಮೇಲೆ ನಕ್ಷೆಯ ಮೇಲೆ ಪ್ರತಿ ಊರಿನಿಂದ ಅಲೆ ಬಂದ ದಿಕ್ಕಿಗೆ ಒಂದೊಂದು ಗೆರೆ ಎಳೆದರು. ಹೆಚ್ಚಿನ ಗೆರೆಗಳು ಕಜ್ಜಾನೋ ಎಂಬ ಊರಿನ ಬಳಿ ಬಂದು ಕೂಡಿದವು. ಪೆಟ್ಟು ಬಿದ್ದದ್ದು ಆ ಜಾಗದ ಕೆಳಗೆ ಎಂದು ಅವರು ತೀರ್ಮಾನಿಸಿದರು. ಭೂಮಿಯೊಳಗೆ ಪೆಟ್ಟು ಬೀಳುವ ಜಾಗಕ್ಕೆ ನೇರ ಮೇಲಿರುವ ನೆಲದ ಬಿಂದುವನ್ನು ನಾವು ಈಗ ಹೊರಕೇಂದ್ರ ಎನ್ನುತ್ತೇವೆ. ಬಿರುಕುಗಳ ವಾಲಿಕೆಯನ್ನು ಲೆಕ್ಕ ಹಾಕಿ ಪೆಟ್ಟು ಬಿದ್ದ ಆಳ ಸುಮಾರು 10 ಕಿಲೋಮೀಟರ್ ಎಂದೂ ಅಂದಾಜು ಮಾಡಿದರು.

ಅಷ್ಟಕ್ಕೇ ನಿಲ್ಲದೆ ಅವರು ಹಾನಿಯ ನಕ್ಷೆಯನ್ನೂ ಬರೆದರು. ಅದರಲ್ಲಿ ಒಂದರ ಸುತ್ತ ಒಂದರಂತೆ ನಾಲ್ಕು ವಲಯಗಳು. ಒಳಗಿನ ವಲಯದಲ್ಲಿ ಊರಿಗೆ ಊರೇ ನೆಲಸಮ. ಎರಡನೆಯದರಲ್ಲಿ ಕಟ್ಟಡಗಳ ದೊಡ್ಡ ಭಾಗಗಳು ಬಿದ್ದು ಜನ ಸತ್ತಿದ್ದರು. ಮೂರನೆಯದರಲ್ಲಿ ಸಣ್ಣಪುಟ್ಟ ಹಾನಿ, ಸಾವಿಲ್ಲ. ನಾಲ್ಕನೆಯದರಲ್ಲಿ ನಡುಕ ಎಲ್ಲರ ಅನುಭವಕ್ಕೆ ಬಂದಿತ್ತು, ಹಾನಿ ಇರಲಿಲ್ಲ.

ಈ ಸುತ್ತಾಟದಲ್ಲಿ ಎಂಜಿನಿಯರ್ ಮ್ಯಾಲೆಟ್ ಅವರ ಕಣ್ಣಿಗೆ ಇನ್ನೊಂದು ಸಂಗತಿ ಬಿತ್ತು. ಕಾಡುಗಲ್ಲುಗಳನ್ನು ಕಳಪೆ ಗಾರೆಯಲ್ಲಿ ಪೇರಿಸಿ ಕಟ್ಟಿದ ಗೋಡೆಗಳು, ಅವುಗಳ ಮೇಲೆ ಭಾರವಾದ ಛಾವಣಿಗಳು, ಇಂತಹ ಮನೆಗಳೇ ಹೆಚ್ಚಾಗಿ ಬಿದ್ದಿದ್ದವು. ಚೆನ್ನಾಗಿ ಬೆಸೆದು ಕಟ್ಟಿದ ಕಟ್ಟಡಗಳು ಹೆಚ್ಚು ತಾಳಿಕೊಂಡಿದ್ದವು. ಜನರನ್ನು ಕೊಂದದ್ದು ನೆಲದ ನಡುಕಕ್ಕಿಂತ ಹೆಚ್ಚಾಗಿ ಅವರ ಮೇಲೆ ಬಿದ್ದ ಗೋಡೆ. ಅಂದರೆ ಭೂಕಂಪವನ್ನು ತಡೆಯಲಾಗದಿದ್ದರೂ ಸಾವನ್ನು ತಡೆಯಲು ದಾರಿ ಇದೆ ಎಂದಾಯಿತು.

ಈ ಎಲ್ಲ ವಿವರಗಳೂ 1862ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಪ್ರಕಟವಾದವು. ಭೂಕಂಪವಾದ ಜಾಗಕ್ಕೆ ಹೋಗಿ ಹೇಗೆ ಅಧ್ಯಯನ ಮಾಡಬೇಕು ಎಂಬುದಕ್ಕೆ ಅದೊಂದು ಕೈಪಿಡಿಯಾಯಿತು.

ಭಾರತಕ್ಕೂ ಬಂದ ವಿಧಾನ

ಮ್ಯಾಲೆಟ್ ಅವರ ವಿಧಾನ ನಮ್ಮ ದೇಶಕ್ಕೂ ಬಂತು. ಥಾಮಸ್ ಓಲ್ಡ್‌ಹ್ಯಾಮ್ ಎಂಬ ಡಬ್ಲಿನ್ನಿನವರೇ ಆದ ಭೂವಿಜ್ಞಾನಿ 1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥರಾಗಿ ಬಂದಿದ್ದರು. 1869ರ ಜನವರಿ 10ರಂದು ಈಶಾನ್ಯ ಭಾರತದ ಕಚಾರ್ ಪ್ರದೇಶದಲ್ಲಿ ಭೂಕಂಪವಾದಾಗ ಅವರು ಮ್ಯಾಲೆಟ್ ತೋರಿಸಿದ ದಾರಿಯಲ್ಲೇ ಬಿರುಕುಗಳನ್ನೂ ಬಿದ್ದ ಕಂಬಗಳನ್ನೂ ಅಳೆದರು. ಭಾರತದ ಭೂಕಂಪಗಳ ಪಟ್ಟಿಯನ್ನೂ ತಯಾರಿಸಿದರು. ಅವರ ಮಗ ರಿಚರ್ಡ್ ಓಲ್ಡ್‌ಹ್ಯಾಮ್ ಮುಂದೆ 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದರು. 1906ರಲ್ಲಿ ಭೂಮಿಗೆ ಒಂದು ಒಳತಿರುಳು ಇದೆ ಎಂದು ಭೂಕಂಪದ ಅಲೆಗಳಿಂದಲೇ ತೋರಿಸಿ ಹೆಸರಾದರು.

ಮ್ಯಾಲೆಟ್ ಅವರ ಮಗನೊಬ್ಬ, ಫ್ರೆಡರಿಕ್, ಇದೇ ಸರ್ವೇಕ್ಷಣೆಯಲ್ಲಿ ಭೂವಿಜ್ಞಾನಿಯಾಗಿದ್ದರು. ಅಂಡಮಾನ್ ಸಮುದ್ರದಲ್ಲಿರುವ ಬ್ಯಾರನ್ ದ್ವೀಪದ ಜ್ವಾಲಾಮುಖಿಯನ್ನು ಅವರು ಅಧ್ಯಯನ ಮಾಡಿದರು.

ಕೊನೆಯ ದಿನಗಳು

1861ರಲ್ಲಿ ಮ್ಯಾಲೆಟ್ ಡಬ್ಲಿನ್ ಬಿಟ್ಟು ಲಂಡನ್ನಿಗೆ ಬಂದು ನೆಲೆಸಿದರು. ಅಲ್ಲಿ ಸಲಹೆಗಾರ ಎಂಜಿನಿಯರ್ ಆಗಿ ದುಡಿಯುತ್ತ ಬರೆಯುವುದನ್ನು ಮುಂದುವರಿಸಿದರು. ಅವರು ಹೇಳಿದ್ದೆಲ್ಲ ಸರಿ ಎಂದೇನಲ್ಲ. ಭೂಮಿ ತಣ್ಣಗಾಗಿ ಕುಗ್ಗುವಾಗ ಬಂಡೆಗಳು ಪುಡಿಯಾಗುತ್ತವೆ, ಅದರಿಂದ ಹುಟ್ಟಿದ ಶಾಖವೇ ಜ್ವಾಲಾಮುಖಿಗೆ ಕಾರಣ ಎಂದು ಅವರು ವಾದಿಸಿದರು. ಈ ವಾದ ಮುಂದೆ ನಿಲ್ಲಲಿಲ್ಲ. ಆದರೆ ಅವರು ಕೂಡಿಹಾಕಿದ ಪಟ್ಟಿ, ಬರೆದ ನಕ್ಷೆ, ಅಳತೆಯ ವಿಧಾನ ನಿಂತವು. ವಿಜ್ಞಾನದಲ್ಲಿ ಹೀಗಾಗುವುದು ಸಹಜ.

ಬದುಕಿನ ಕೊನೆಯ ಏಳು ವರ್ಷ ಮ್ಯಾಲೆಟ್ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪ್ರಪಂಚವನ್ನೆಲ್ಲ ಬಣ್ಣದಲ್ಲಿ ತೋರಿಸಿದವರಿಗೆ ತಮ್ಮ ಭೂಪಟವನ್ನೇ ನೋಡಲಾಗದ ಸ್ಥಿತಿ. ಆ ದಿನಗಳಲ್ಲೇ, 1877ರಲ್ಲಿ, ಲಂಡನ್ನಿನ ಭೂವಿಜ್ಞಾನ ಸಂಘ ಅವರಿಗೆ ವೊಲ್ಲಾಸ್ಟನ್ ಪದಕ ಕೊಟ್ಟು ಗೌರವಿಸಿತು. 1881ರ ನವೆಂಬರ್ 5ರಂದು ತಮ್ಮ 71ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಪಟ್ಟೆಗಳ ಗುಟ್ಟು ಬಯಲಾಯಿತು

ಮ್ಯಾಲೆಟ್ ಕಂಡ ಬಣ್ಣದ ಪಟ್ಟೆಗಳ ಗುಟ್ಟು 1960ರ ದಶಕದಲ್ಲಿ ಬಯಲಾಯಿತು. ಅಷ್ಟರಲ್ಲಿ ಪ್ರಪಂಚದ ಹಲವು ಕಡೆ ಭೂಕಂಪ ಮಾಪಕಗಳು ಬಂದಿದ್ದವು. ಈಗ ಪುಸ್ತಕದಲ್ಲಿ ಹುಡುಕಬೇಕಿರಲಿಲ್ಲ, ಸಾಗರದ ನಡುವಿನ ಭೂಕಂಪವೂ ಮಾಪಕಕ್ಕೆ ಸಿಗುತ್ತಿತ್ತು. 1961ರಿಂದ 1967ರವರೆಗಿನ 29 ಸಾವಿರಕ್ಕೂ ಹೆಚ್ಚು ಭೂಕಂಪಗಳನ್ನು ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನ ಸಹಾಯದಿಂದ ಭೂಪಟದ ಮೇಲೆ ಚುಕ್ಕೆಗಳಾಗಿ ಗುರುತಿಸಿ 1969ರಲ್ಲಿ ಪ್ರಕಟಿಸಿದರು. ಚುಕ್ಕೆಗಳು ಸೇರಿ ಗೆರೆಗಳಾದವು. ಭೂಮಿಯ ಹೊರಪದರ ಒಡೆದ ಮಡಕೆಯ ಚೂರುಗಳಂತೆ ಹಲವು ಭೂಫಲಕಗಳಾಗಿದೆ, ಅವು ನಿಧಾನವಾಗಿ ಚಲಿಸುತ್ತವೆ ಎಂಬುದನ್ನು ಆ ಗೆರೆಗಳು ಸಾರಿ ಹೇಳಿದವು. ಫಲಕಗಳ ಅಂಚು ಉಜ್ಜುವ ಕಡೆ ಭೂಕಂಪ ಹೆಚ್ಚು. ಮ್ಯಾಲೆಟ್ ಬಿಳಿಯಾಗಿ ಬಿಡಬೇಕಾಗಿದ್ದ ಸಾಗರಗಳ ನಡುವೆಯೂ ಭೂಕಂಪದ ಉದ್ದನೆಯ ಗೆರೆಗಳು ಕಂಡವು.

ಪದರದ ಮೇಲೆ ಪದರ

ಅದೇ 1960ರ ದಶಕದಲ್ಲಿ ಕೆನಡಾ ದೇಶದಲ್ಲಿ ನಕ್ಷೆಗಳನ್ನು ಕಂಪ್ಯೂಟರಿಗೆ ತುಂಬುವ ಹೊಸ ವ್ಯವಸ್ಥೆ ಹುಟ್ಟಿತು. ಇದೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಚಿಕ್ಕದಾಗಿ ಜಿ.ಐ.ಎಸ್. ಎನ್ನುತ್ತಾರೆ. ಇದರ ಗುಟ್ಟು ಬಹಳ ಸರಳ. ಒಂದು ಪಾರದರ್ಶಕ ಹಾಳೆಯ ಮೇಲೆ ಭೂಕಂಪಗಳನ್ನು ಗುರುತಿಸಿ. ಇನ್ನೊಂದರ ಮೇಲೆ ಊರುಗಳನ್ನು. ಮತ್ತೊಂದರ ಮೇಲೆ ಮಣ್ಣಿನ ಬಗೆಯನ್ನು. ಮಗದೊಂದರ ಮೇಲೆ ರಸ್ತೆ, ಆಸ್ಪತ್ರೆ, ಶಾಲೆಗಳನ್ನು. ಎಲ್ಲ ಹಾಳೆಗಳನ್ನೂ ಒಂದರ ಮೇಲೊಂದು ಸರಿಯಾಗಿ ಜೋಡಿಸಿ ನೋಡಿದರೆ ಒಂದೊಂದರಲ್ಲಿ ಕಾಣದ ಸಂಗತಿ ಕಾಣುತ್ತದೆ. ನೆಲ ಹೆಚ್ಚು ನಡುಗುವ ಕಡೆ ಎಷ್ಟು ಜನ ಇದ್ದಾರೆ? ಅಲ್ಲಿನ ಮನೆಗಳು ಎಂಥವು? ಸೇತುವೆ ಮುರಿದರೆ ಆಸ್ಪತ್ರೆಗೆ ಬೇರೆ ದಾರಿ ಇದೆಯೇ? ಜನರೇ ಇಲ್ಲದ ಮರುಭೂಮಿಯ ಭೂಕಂಪಕ್ಕೂ ಜನ ತುಂಬಿದ ಪಟ್ಟಣದ ಭೂಕಂಪಕ್ಕೂ ಇರುವ ವ್ಯತ್ಯಾಸ ಹೀಗೆ ಜೋಡಿಸಿದಾಗಲೇ ತಿಳಿಯುವುದು.

ಮ್ಯಾಲೆಟ್ ಅವರ ಭೂಪಟ ಬಂದು 160 ವರ್ಷಗಳಾದ ಮೇಲೆ, 2018ರಲ್ಲಿ, ಇಟಲಿಯ ಪವಿಯಾ ನಗರದಲ್ಲಿರುವ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇಡೀ ಪ್ರಪಂಚದ ಭೂಕಂಪ ಅಪಾಯದ ಹೊಸ ನಕ್ಷೆಯನ್ನು ಪ್ರಕಟಿಸಿತು. ಹಲವು ದೇಶಗಳ ವಿಜ್ಞಾನಿಗಳ ಕೆಲಸವನ್ನು ಅದರಲ್ಲಿ ಜೋಡಿಸಲಾಗಿತ್ತು. ಆದರೆ ಒಂದು ಮಾತು. ಯಾವ ನಕ್ಷೆಯೂ ಭೂಕಂಪ ಯಾವ ದಿನ ಬರುತ್ತದೆಂದು ಹೇಳುವುದಿಲ್ಲ. ಎಲ್ಲಿ ಹೆಚ್ಚು ಎಚ್ಚರ ಬೇಕು, ಎಂತಹ ಮನೆ ಕಟ್ಟಬೇಕು ಎಂಬುದನ್ನು ಮಾತ್ರ ಹೇಳುತ್ತದೆ.

ಬಿಳಿ ಜಾಗದ ಪಾಠ

ನೆನಪಿಡಿ ಎಂದ ಮಾತಿಗೆ ಈಗ ಬರೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಜನ ಗಾಢ ನಿದ್ದೆಯಲ್ಲಿದ್ದಾಗ, ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪವಾಯಿತು. ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳಲ್ಲೂ ನೆಲ ನಡುಗಿತು. ಆಗಿನ ಭಾರತದ ಭೂಕಂಪ ನಕ್ಷೆಯಲ್ಲಿ ಐದು ವಲಯಗಳಿದ್ದವು. ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ! ಆದರೂ ಸುಮಾರು 10 ಸಾವಿರ ಜನ ಸತ್ತರು. ದಪ್ಪ ಕಲ್ಲು ಮಣ್ಣಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ ಇದ್ದ ಮನೆಗಳು ಮಲಗಿದ್ದವರ ಮೇಲೆ ಕುಸಿದಿದ್ದವು. 1858ರಲ್ಲಿ ಮ್ಯಾಲೆಟ್ ಇಟಲಿಯಲ್ಲಿ ಕಂಡದ್ದೂ ಇಂತಹುದೇ ದೃಶ್ಯ ಅಲ್ಲವೇ?

2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಭೂಕಂಪದ ಯೋಚನೆಯೇ ಬೇಡ ಎನ್ನುವಂತಹ ಜಾಗ ದೇಶದಲ್ಲಿ ಇಲ್ಲ ಎಂಬುದು ಇದರ ಅರ್ಥ. ನಕ್ಷೆಯೂ ಕಲಿಯುತ್ತದೆ. ಆದರೆ ಅದಕ್ಕೆ ಕಲಿಸುವುದು ಮಾಹಿತಿ. ಮಾಹಿತಿ ಬರುವುದು ನೋಡಿದ್ದನ್ನು ಸರಿಯಾಗಿ ಬರೆದಿಡುವವರಿಂದ. ಯಾವುದೋ ಊರಿನಲ್ಲಿ ಯಾರೋ ಬರೆದಿಟ್ಟ ಒಂದೊಂದು ಸಾಲು ಸೇರಿಯೇ ಮ್ಯಾಲೆಟ್ ಅವರ 6,831 ಭೂಕಂಪಗಳ ಪಟ್ಟಿ ಆಯಿತು. ನಮ್ಮೂರಿನ ಸಾಲನ್ನು ನಾವಲ್ಲದೆ ಬೇರೆ ಯಾರು ಬರೆಯಬೇಕು?

ಮಾಡಿ ನೋಡಿ: ನಮ್ಮೂರ ಅಪಾಯ ನಕ್ಷೆ

ಬೇಕಾಗುವ ವಸ್ತುಗಳು: ಒಂದು ಬಿಳಿ ಹಾಳೆ, ಮೂರು ತೆಳು ಹಾಳೆಗಳು, ಸ್ವಲ್ಪ ಕೊಬ್ಬರಿ ಎಣ್ಣೆ, ಬಣ್ಣದ ಪೆನ್ಸಿಲ್‌ಗಳು, ನಾಲ್ಕು ಗುಂಡುಸೂಜಿ.

1. ತೆಳು ಹಾಳೆಗಳಿಗೆ ಎಣ್ಣೆ ಸವರಿ ಒರೆಸಿ ಒಣಗಿಸಿ. ಅವು ಪಾರದರ್ಶಕವಾಗುತ್ತವೆ.

2. ಬಿಳಿ ಹಾಳೆಯ ಮೇಲೆ ನಿಮ್ಮ ಊರಿನ ರಸ್ತೆ, ಶಾಲೆ, ಕೆರೆ, ಹಳ್ಳ, ಬಾವಿಗಳನ್ನು ಬರೆಯಿರಿ. ದಿಕ್ಕುಗಳನ್ನು ಗುರುತಿಸಿ.

3. ಮೊದಲ ತೆಳು ಹಾಳೆಯ ಮೇಲೆ ಮಳೆಗಾಲದಲ್ಲಿ ನೀರು ನುಗ್ಗುವ ಜಾಗಗಳಿಗೆ ನೀಲಿ ಬಣ್ಣ ಹಚ್ಚಿ. ಯಾವ ವರ್ಷ, ಎಲ್ಲಿಯವರೆಗೆ ನೀರು ಬಂದಿತ್ತು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.

4. ಎರಡನೆಯದರ ಮೇಲೆ ಸಿಡಿಲು ಬಡಿದ ಮರ, ಗುಡ್ಡ ಕುಸಿದ ಜಾಗ, ಬೆಂಕಿ ಬಿದ್ದ ಜಾಗಗಳನ್ನು ಗುರುತಿಸಿ.

5. ಮೂರನೆಯದರ ಮೇಲೆ ಮನೆಗಳನ್ನು ಗುರುತಿಸಿ. ಬಿರುಕು ಬಿಟ್ಟ ಹಳೆಯ ಗೋಡೆಗಳಿಗೆ ಕೆಂಪು ಬಣ್ಣ ಹಚ್ಚಿ. ಅವುಗಳ ಹತ್ತಿರ ಹೋಗಬೇಡಿ, ದೂರದಿಂದಲೇ ನೋಡಿ.

6. ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಗುಂಡುಸೂಜಿ ಚುಚ್ಚಿ. ಬೆಳಕಿಗೆ ಹಿಡಿದು ನೋಡಿ. ನೀಲಿ, ಕೆಂಪು ಎರಡೂ ಒಂದೇ ಕಡೆ ಬಿದ್ದಿವೆಯೇ? ಅಲ್ಲಿರುವ ಮನೆಯವರಿಗೆ ಏನು ಹೇಳಬೇಕು ಎಂದು ನಿಮ್ಮ ಗುರುಗಳೊಡನೆ ಚರ್ಚಿಸಿ.

ನಕ್ಷೆಯನ್ನು ತರಗತಿಯ ಗೋಡೆಗೆ ಹಾಕಿ. ಪ್ರತಿ ಮಳೆಗಾಲದ ನಂತರ ಹೊಸ ಮಾಹಿತಿ ಸೇರಿಸಿ. ಬಿಳಿಯಾಗಿ ಉಳಿದ ಜಾಗಗಳ ಬಗ್ಗೆ ಮತ್ತೊಮ್ಮೆ ವಿಚಾರಿಸಲು ಮರೆಯಬೇಡಿ.